ಅಮಾವಾಸ್ಯೆಯ ಸೊನ್ನೆ

"ಪೆನ್ನು ಕೆಳಗಿಡು ಭಾಗ್ಯ!"

ಚಪ್ಪಲಿ ಬಿಡುವುದನ್ನೂ ಮರೆತು ನಾನು ಹೊಸ್ತಿಲು ದಾಟಿದ್ದೆ. ಕುರುಗೋಡಿನ ಭಾಗ್ಯಳ ತವರುಮನೆಯ ಪಡಸಾಲೆಯಲ್ಲಿ ಮೂವರಿದ್ದರು. ದಿಂಬಿಗೆ ಒರಗಿ ಕೂತಿದ್ದ ಏಳು ತಿಂಗಳ ಬಸುರಿ ಭಾಗ್ಯ. ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ನಿಂತಿದ್ದ ಅವಳ ತಾಯಿ ಕೊಟ್ರಬಸಮ್ಮ. ಇಬ್ಬರ ನಡುವೆ ಚಾಪೆಯ ಮೇಲೆ ಮೊಣಕಾಲೂರಿ, ಹಾಳೆ ಜರುಗದಂತೆ ಅಂಗೈಯಲ್ಲಿ ಒತ್ತಿ ಹಿಡಿದಿದ್ದ ಶಶಿಕಾಂತ್.

ಭಾಗ್ಯಳ ಕೈ ಹಾಗೇ ನಿಂತಿತು. ಪೆನ್ನಿನ ತುದಿ ಹಾಳೆಗೆ ತಾಗಿ ಒಂದು ನೀಲಿ ಚುಕ್ಕೆ ಬಿದ್ದಿತ್ತು, ಅಷ್ಟೇ.

"ಬರ್ರಿ ಫರ್ಜಾನಾ ಮೇಡಂ, ಕುಂದರ್ರಿ," ಎಂದ ಶಶಿಕಾಂತ್. ಸಿಕ್ಕಿಬಿದ್ದವನ ಗಾಬರಿ ಅವನ ಮುಖದಲ್ಲಿ ಇರಲಿಲ್ಲ. "ಚಲೋ ಟೈಮಿಗೆ ಬಂದ್ರಿ. ಸಾಕ್ಷಿಗೆ ಒಬ್ರು ಬೇಕಾಗಿತ್ತು."

ಅವನ ಪಕ್ಕದಲ್ಲಿ ಒಂದು ಚೀಲ ಮೋಸಂಬಿ ಇತ್ತು. ಪೊಲೀಸ್ ಇಲಾಖೆಯ ಕಂಪ್ಯೂಟರ್ ವಿಭಾಗ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೆ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಹಣ್ಣು ತಂದವರನ್ನೇ ಮೊದಲು ಅನುಮಾನಿಸುತ್ತೇನೆ.

ಹಾಳೆ ಕಸಿದು ಓದಿದೆ. 'ಭತ್ತದ ಡ್ರೈಯರಿನ ಸೈರನ್ ಮಿತಿಯನ್ನು ಏರಿಸಿದ ಬದಲಾವಣೆ ನಾನೇ ಮಾಡಿದ್ದು. ಅಜಾಗರೂಕತೆಯಿಂದ ಆದ ತಪ್ಪು. ಇದಕ್ಕೆ ಬೇರೆ ಯಾರೂ ಹೊಣೆಯಲ್ಲ.' ಕೆಳಗೆ ಭಾಗ್ಯಳ ಹೆಸರು ಅಚ್ಚಾಗಿತ್ತು. ಸಹಿಯ ಜಾಗ ಮಾತ್ರ ಖಾಲಿ.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಡ್ರೈಯರ್ ಮಿತಿಮೀರಿ ಕಾದು ಬೆಂಕಿ ಹತ್ತಿ, ಕೂಗಬೇಕಾದ ಸೈರನ್ ಕೂಗದೆ, ಅದರ ಮುಂದೆ ನಿಂತಿದ್ದ ಕೆಲಸಗಾರ ಲಾಲಸಾಬನ ಎರಡೂ ಕೈ ಸುಟ್ಟು ಹೋಗಿದ್ದವು. ಎಷ್ಟು ಕಾದರೆ ಸೈರನ್ ಕೂಗಬೇಕೆಂಬ ಮಿತಿಯನ್ನು ಏರಿಸಿದ ಕೋಡಿನ ಮೇಲೆ ಭಾಗ್ಯಳ ಹೆಸರಿತ್ತು. ಡ್ರೈಯರಿನ ಪ್ರೋಗ್ರಾಂ ಬರೆದುಕೊಟ್ಟ ಕಂಪನಿಯ ಮಾಲೀಕರು ಎರ್ರಿಸ್ವಾಮಿ. ನನ್ನನ್ನು ಈ ಕೆಲಸಕ್ಕೆ ಕರೆದವರೂ ಅವರೇ. ಸಂಜೆಯೊಳಗೆ ಬೇರೆ ಹೆಸರು ಸಿಗದಿದ್ದರೆ ಭಾಗ್ಯಳ ಮೇಲೆ ಠಾಣೆಗೆ ದೂರು ಹೋಗುತ್ತಿತ್ತು.

"ಸಹಿ ಹಾಕಿದ್ರ ಏನಾಗತೈತಿ ಗೊತ್ತೇನು?" ಎಂದೆ.

"ಅಣ್ಣ ಎಲ್ಲಾ ನೋಡ್ಕೋತಾನಂತರಿ," ಎಂದಳು ಭಾಗ್ಯ. ಅತ್ತು ಅತ್ತು ಅವಳ ದನಿ ಒಡೆದಿತ್ತು. "ಕಂಪನಿ ಯಜಮಾನ್ರ ಮುಂದ ಕುಂತು ಮಾತಾಡಿ, ದೂರು ಹೋಗದಂಗ ಮಾಡತಾನಂತ."

"ಮಾಡತಾನ, ಮಾಡತಾನ. ಈ ಹಾಳಿ ಹಿಡಕೊಂಡು ಪೊಲೀಸ್ರು ಬಂದಾಗ ಮೋಸಂಬಿ ಸುಲಕೊಂತ ಕುಂದರತಾನ."

ಶಶಿಕಾಂತನ ಮುಖ ಕಪ್ಪಿಟ್ಟಿತು. ನನಗೇನೂ ಮರುಕ ಹುಟ್ಟಲಿಲ್ಲ.

ಮರುಕ ಯಾಕೆ ಹುಟ್ಟಲಿಲ್ಲವೆಂದರೆ, ಭಾಗ್ಯ ಉಟ್ಟಿದ್ದ ಹಸಿರು ಸೀರೆ ಅವನು ತಂದದ್ದು. ಅವಳಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಹೋದ ತಿಂಗಳು ಇದೇ ಪಡಸಾಲೆಯಲ್ಲಿ ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಆದಾಗ ಅಣ್ಣನ ಜಾಗದಲ್ಲಿ ನಿಂತು ಸೀರೆ, ಹಸಿರು ಬಳೆ, ಉಡಿ ತುಂಬುವ ಅಕ್ಕಿ ಎಲ್ಲ ತಂದವನು ಇವನೇ. ಕಂಪನಿಯಲ್ಲಿ ಅವಳಿಗೆ ಕೆಲಸ ಕಲಿಸಿದವನೂ ಇವನೇ. ಅವನು ಬರುತ್ತಾನೆಂದು ಹುಡುಗಿ ಇವತ್ತು ಆ ಸೀರೆಯನ್ನೇ ಉಟ್ಟು ಕೂತಿದ್ದಳು. 

"ಕೊಟ್ರಬಸಮ್ಮ, ಇಲ್ಲಿ ಕುಂದರು. ನಿನ್ನ ಮಗಳ ಹಣೆಬರಹ ಇದರಾಗೈತಿ," ಎಂದು ಟ್ಯಾಬ್ ತೆಗೆದೆ.

ಬೆಳಿಗ್ಗೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಎರ್ರಿಸ್ವಾಮಿಯವರ ಆಫೀಸಿನಲ್ಲೇ ಕೂತಿದ್ದೆ. ಹಳೇ ಬಂಗಲೆ, ಎತ್ತರದ ಮಾಡು, ಒಳಗೆಲ್ಲ ಕಂಪ್ಯೂಟರು. ಅಲ್ಲಿ ಬರೆದ ಕೋಡೆಲ್ಲ ಒಂದು ಉಗ್ರಾಣಕ್ಕೆ ಸೇರುತ್ತದೆ. ಅವರು ಅದಕ್ಕೆ ರೆಪೊ ಎನ್ನುತ್ತಾರೆ. ಯಾರು ಬದಲಿಸಿದರು, ಯಾವತ್ತು ಬದಲಿಸಿದರು ಎಂಬ ಚೀಟಿ ಪ್ರತಿ ಬದಲಾವಣೆಗೂ ಅಂಟಿಕೊಂಡಿರುತ್ತದೆ. ಜನ ಆ ಚೀಟಿಯನ್ನು ಶಿಲಾಶಾಸನ ಎಂದು ನಂಬುತ್ತಾರೆ. ಅದು ಶಾಸನವೂ ಅಲ್ಲ, ಶಿಲೆಯೂ ಅಲ್ಲ. ಇವತ್ತು ಬರೆದದ್ದಕ್ಕೆ ಹಿಂದಿನ ತಾರೀಖು ಹಾಕುವುದು ಬಲ್ಲವರಿಗೆ ಚಿಟಿಕೆ ಹೊಡೆದಷ್ಟು ಸುಲಭ.

ಆದರೆ ಎರ್ರಿಸ್ವಾಮಿ ಹೋದ ವರ್ಷ ಆ ಉಗ್ರಾಣದ ಬಾಗಿಲಿಗೆ ಒಬ್ಬ ಏಜೆಂಟನನ್ನು ಕೂರಿಸಿದ್ದರು. ಮನೆಗೆ ಬಂದು ಕಾಫಿ ಕುಡಿದು ವಿಮೆ ಮಾಡಿಸುವ ಏಜೆಂಟ್ ಅಲ್ಲ. ಇದೊಂದು ಸಣ್ಣ ಪ್ರೋಗ್ರಾಂ. ಆಗಾಗ ರೆಪೊದೊಳಗೆ ಇಣುಕುತ್ತದೆ. ಇವತ್ತು ಎಷ್ಟು ಬದಲಾವಣೆ ಬಂತು, ಒಟ್ಟು ಎಷ್ಟಾಯಿತು, ಎಷ್ಟು ಜನ ಕೆಲಸ ಮಾಡಿದರು ಎಂದು ಎಣಿಸಿ ಆ ಅಂಕಿಗಳನ್ನು ಎಲ್ಲೋ ದೂರದ ಸರ್ವರಿಗೆ ಕಳಿಸಿಬಿಡುತ್ತದೆ. ಒಮ್ಮೆ ಹೋದ ಅಂಕಿಯನ್ನು ತಿದ್ದಲು ಇಲ್ಲಿಯ ಯಾರಿಗೂ ಕೈ ಎಟಕುವುದಿಲ್ಲ.

ಯಾರು ಮೈಗಳ್ಳರು ಎಂದು ನೋಡಲು ತಂದ ಏಜೆಂಟ್ ಅದು. ಆಫೀಸಿನವರೆಲ್ಲ ಅದನ್ನು ಬೈದುಕೊಂಡೇ ಓಡಾಡುತ್ತಿದ್ದರು. ಅದು ತಿರುಗಿ ಬೈಯಲಿಲ್ಲ, ಎಣಿಸುತ್ತಾ ಹೋಯಿತು.

ನಾನು ಅದರ ವರ್ಷದ ಲೆಕ್ಕವನ್ನು ಪರದೆಯ ಮೇಲೆ ಗೆರೆಯಾಗಿ ಎಳೆದು ನೋಡಿದೆ. ಏರುತ್ತ ಇಳಿಯುತ್ತ ಸಾಗಿದ ಗೆರೆ ತಿಂಗಳಿಗೊಮ್ಮೆ ನೆಲ ಮುಟ್ಟುತ್ತಿತ್ತು. ಭಾನುವಾರ ಕೂಡ ಯಾರಾದರೊಬ್ಬರು ಮನೆಯಿಂದ ಏನಾದರೂ ಕಳಿಸಿರುತ್ತಾರೆ. ಆ ಒಂದು ದಿನ ಮಾತ್ರ ಪೂರ್ತಿ ಸೊನ್ನೆ. ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ಹಾಯಿಸಿದೆ. ಗೆರೆ ನೆಲ ಮುಟ್ಟಿದ ಪ್ರತಿ ತಾರೀಖಿನ ಮೂಲೆಯಲ್ಲೂ ಕಪ್ಪು ಚಂದ್ರ ಅಚ್ಚಾಗಿತ್ತು.

ಎರ್ರಿಸ್ವಾಮಿಯವರದು ಗಿರಣಿ ಮನೆತನ. ಅಮಾವಾಸ್ಯೆಗೆ ಯಂತ್ರ ನಿಲ್ಲಿಸಿ, ವಿಭೂತಿ ಹಚ್ಚಿ, ಕುಂಬಳಕಾಯಿ ಒಡೆದು, ಅದಕ್ಕೆ ಆ ದಿನ ವಿಶ್ರಾಂತಿ ಕೊಡುವುದು ಅವರ ತಾತನ ಕಾಲದ ಪದ್ಧತಿ. ಗಿರಣಿ ಮಾರಿ ಕಂಪ್ಯೂಟರಿಗೆ ಬಂದರೂ ಅದನ್ನು ಬಿಡಲಿಲ್ಲ. ಅಮಾವಾಸ್ಯೆ ದಿನ ಎಲ್ಲರೂ ಆಫೀಸಿಗೆ ಬರುತ್ತಾರೆ, ಸರ್ವರಿಗೆ ಹೂವೇರಿಸುತ್ತಾರೆ, ಮಿರ್ಚಿ ತಿಂದು ಮನೆಗೆ ಹೋಗುತ್ತಾರೆ. ಒಂದಕ್ಷರ ಕೋಡ್ ಕಳಿಸುವಂತಿಲ್ಲ. ಮನೆಯಿಂದಲೂ ಇಲ್ಲ.

"ಕಳ್ಳ ಬದಲಾವಣಿ ಮ್ಯಾಲೆ ಬರದಿರೋ ತಾರೀಖು ಗಣೇಶ ಚೌತಿ ಹಿಂದಿನ ಅಮಾಸಿದು," ಎಂದು ಟ್ಯಾಬನ್ನು ಶಶಿಕಾಂತನ ಮೂಗಿನ ಕೆಳಗೆ ಹಿಡಿದೆ. "ಏಜೆಂಟ್ ಅವತ್ತು ಏನು ಎಣಿಸ್ಯಾನ ನೋಡು. ಸೊನ್ನಿ."

"ಏಜೆಂಟು ಅವತ್ತು ಬಂದ್ ಆಗಿರಬಹುದಲ್ರಿ?"

"ಬಂದ್ ಆಗಿದ್ರ ಗೆರಿನಾ ಇರತಿದ್ದಿಲ್ಲ. ಖಾಲಿ ಬ್ಯಾರೆ, ಸೊನ್ನಿ ಬ್ಯಾರೆ. ಬಂದಾನ, ನೋಡ್ಯಾನ, ಏನೂ ಇಲ್ಲ ಅಂತ ಬರದಾನ."

ಶಶಿಕಾಂತ್ ಪರದೆಯನ್ನೇ ನೋಡುತ್ತ ಕೂತ. 

"ಇನ್ನೊಂದು ನೋಡು. ಬೆಂಕಿ ಬಿದ್ದ ಮರುದಿನ ನಿಮ್ಮ ಆಫೀಸಿನವರೆಲ್ಲ ದವಾಖಾನ್ಯಾಗ ಲಾಲಸಾಬನ ಸುತ್ತ ನಿಂತಿದ್ರಿ. ಯಾರೂ ಕೆಲಸ ಮಾಡಿಲ್ಲ. ಆದ್ರ ಅವತ್ತು ಒಟ್ಟು ಲೆಕ್ಕ ಒಂದು ಏರೈತಿ. ಆ ಒಂದು ಎಲ್ಲಿಂದ ಬಂತು?"

"ಅಂದ್ರ..."

"ಅಂದ್ರ ಬೆಂಕಿ ಬಿದ್ದ ಮ್ಯಾಲೆ ಯಾರೋ ಹೊಸದಾಗಿ ಬರದು, ಹಳೇ ತಾರೀಖು ಹಾಕಿ, ಈಕಿ ಹೆಸರು ಅಂಟಿಸ್ಯಾರ."

ಭಾಗ್ಯ ದಿಂಬು ಬಿಟ್ಟು ನೆಟ್ಟಗೆ ಕೂತಳು. ಎಷ್ಟೋ ದಿನದ ಮೇಲೆ ಅವಳ ಕಣ್ಣಿನಲ್ಲಿ ಜೀವ ಬಂದದ್ದನ್ನು ನಾನು ನೋಡಿದೆ.

"ನಾನು ಹೇಳಿದ್ನೆಲ್ಲೋ ಅಣ್ಣಾ! ನಾನು ಬರದಿಲ್ಲ ಅಂತ ಎಷ್ಟು ಸಲ ಹೇಳಿದೆ! ಅವತ್ತು ಪೂಜಿ ಮುಗದ ಕೂಡ್ಲೆ ಆಫೀಸಿಂದ ಹೊರಗ ಬಿದ್ದೆ. ಕಂಪ್ಯೂಟರ್ ಮುಟ್ಟೇ ಇಲ್ಲ."

"ಎಲ್ಲಿಗೆ ಹೋಗಿದ್ದಿ?" ಎಂದೆ.

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು. "ಡಾಕ್ಟರ್ ಹತ್ರ. ಇದು ಗೊತ್ತಾಗಿದ್ದು ಅವತ್ತಾ."

"ಹೌದ್ರಿ ಯವ್ವಾ," ಎಂದು ಕೊಟ್ರಬಸಮ್ಮ ಬಾಯಿ ಹಾಕಿದಳು. "ದವಾಖಾನಿಯಿಂದಾನ ನನಗ ಫೋನ್ ಮಾಡಿದ್ಲು. ಅಮಾಸಿ ದಿನ ಬಸುರಿನ ಸುದ್ದಿ ಯಾರ ಮುಂದೂ ಬಾಯಿ ಬಿಡಬ್ಯಾಡ, ದೃಷ್ಟಿ ತಾಗತೈತಿ, ಪಾಡ್ಯ ಬರಲಿ ಅಂತ ನಾನಾ ಹೇಳಿದ್ದೆ. ಮಾರನೇ ದಿನ ಎಲ್ಲಾರಿಗೂ ಹೇಳಿದ್ಲು."

ಇನ್ನು ಉಳಿದದ್ದು ಒಂದೇ ಪ್ರಶ್ನೆ.

"ನಿನ್ನ ಹೆಸರಿನಾಗ ರೆಪೊದೊಳಗ ಹೋಗಾಕ ನಿನ್ನ ಪಾಸ್‌ವರ್ಡ್ ಬೇಕು, ಭಾಗ್ಯ. ಯಾರಿಗೆ ಕೊಟ್ಟಿದ್ದಿ?"

 ಅವಳ ಕಣ್ಣು ನಿಧಾನವಾಗಿ ಶಶಿಕಾಂತನ ಕಡೆ ತಿರುಗಿತು.

"ರಜಾ ಹಾಕೋವಾಗ ಕೇಳಿದ್ನರಿ," ಎಂದಳು ಕೊನೆಗೆ. "ನಡುವ ಏನರ ಕೆಲಸ ಬಿದ್ರ ಬೇಕಾಗತೈತಿ ಅಂದ. ಅಣ್ಣನಾ ಅಲ್ಲೇನು, ಅಂತ ಕೊಟ್ಟೆ."

 ಭಾಗ್ಯ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಅದು ಯಾರದೋ ಎನ್ನುವಂತೆ ನೋಡಿದಳು.

"ಯಾಕಣ್ಣಾ?" ಎಂದಳು. ಅಷ್ಟೇ ಕೇಳಿದ್ದು.

ಕೊಟ್ರಬಸಮ್ಮ ಹಾಗೆ ಬಿಡುವವಳಲ್ಲ. ಮಂಡಕ್ಕಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. "ಉಂಡ ಮನಿ ಜಂತಿ ಎಣಿಸಿದೆಲ್ಲೋ! ನಿನ್ನ ಕೈಲೆ ನನ್ನ ಮಗಳ ಉಡಿ ತುಂಬಿಸಿದೆ. ಅದೇ ಕೈಲೆ ಆಕಿ ಹೆಸರು ಬರದೇನು? ಏಳು, ಹೊಸ್ತಿಲ ಹೊರಗ ನಡಿ!"

ಅವನು ಏಳಲಿಲ್ಲ. ಅಳುತ್ತಿದ್ದ. ದೊಡ್ಡ ಗಂಡಸು, ಮೂಗು ಸೊರಗುಟ್ಟಿಸಿಕೊಂಡು ಅಳುತ್ತಿದ್ದ. ಕಳ್ಳರು ಅಳುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ಅಳಲಿ ಎಂದು ಕಾದೆ.

"ಮೇಡಂ," ಎಂದ ಕಣ್ಣೊರೆಸಿಕೊಂಡು. "ಒಂದಾ ಮಾತು ಕೇಳತೀನಿ. ಅಮಾಸಿ ದಿನ ನಮ್ಮ ಆಫೀಸಿನಾಗ ಕೋಡ್ ಕಳಸಂಗಿಲ್ಲ ಅನ್ನೋದು ನನಗ ಗೊತ್ತಿಲ್ಲೇನ್ರಿ? ಪ್ರತಿ ಅಮಾಸಿ ಕುಂಬಳಕಾಯಿ ಒಡೆಯಾವ ನಾನು. ನಾನಾ ಕಳ್ಳ ಆಗಿದ್ರ, ಇಡೀ ತಿಂಗಳು ಬಿಟ್ಟು ಆ ಒಂದು ತಾರೀಖು ಹಾಕತಿದ್ನೇನ್ರಿ?"

ನಾನು ಟ್ಯಾಬನ್ನು ಕೆಳಗಿಳಿಸಿದೆ.

ಬಳ್ಳಾರಿಯಿಂದ ಇಲ್ಲಿಯವರೆಗೆ ಸ್ಕೂಟರಿನ ಮೇಲೆ ಇದನ್ನೇ ತಿರುವಿ ಹಾಕಿಕೊಂಡು ಬಂದಿದ್ದೆ. ಇಷ್ಟು ದೊಡ್ಡ ಸಂಗತಿ ಕಣ್ಣಿಗೆ ಬಿದ್ದಿರಲಿಲ್ಲ. ಅಮಾವಾಸ್ಯೆಯ ನಿಯಮ ಆಫೀಸಿನ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದವರು ಯಾರೂ ಆ ತಾರೀಖು ಹಾಕುವುದಿಲ್ಲ. ಅಂದರೆ ಹಾಕಿದವನು ಆಫೀಸಿನವನೇ ಅಲ್ಲ.

"ಹಂಗಾದ್ರ ಈ ಹಾಳಿ ಯಾಕ ತಂದಿ?" ಎಂದೆ. ನನ್ನ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ಭಾಗ್ಯ ಮನ್ಯಾಗ ಒಪ್ಪಿಕೊಂಡಾಳ, ನಿನ್ನ ಮುಂದ ಹೇಳಾಕ ನಾಚತಾಳ, ನೀನಾ ಮೆತ್ತಗ ಮಾತಾಡಿ ಸಹಿ ಹಾಕಿಸು ಅಂದ್ರರಿ. ತಂಗಿ ತಪ್ಪು ಮಾಡ್ಯಾಳ, ಉಳಿಸಿಕೋಬೇಕು ಅಂತ ಬಂದೆ."

"ಯಾರು ಅಂದ್ರು?"

ಅವನು ತಲೆ ತಗ್ಗಿಸಿದ. "ಹೆಸರು ಹೇಳಂಗಿಲ್ಲ ಅಂತ ಮಾತು ಕೊಟ್ಟೀನ್ರಿ."

"ನಾನು ಯಾರ ಮುಂದೂ ಒಪ್ಪಿಕೊಂಡಿಲ್ಲೋ ಅಣ್ಣಾ!" ಎಂದು ಭಾಗ್ಯ ಚೀರಿದಳು.

ಹೊರಗೆ ಬೈಕ್ ನಿಂತ ಸದ್ದಾಯಿತು. ಕೊಟ್ರಬಸಮ್ಮ ಕಿಟಕಿಯಲ್ಲಿ ಇಣುಕಿ ಸೆರಗು ಸರಿಮಾಡಿಕೊಂಡಳು. "ಅಳಿಯಾರು ಬಂದ್ರು. ಸದ್ಯ, ಮನಿಗೆ ಗಂಡು ದಿಕ್ಕು ಬಂತು."

ಭಾಗ್ಯಳ ಗಂಡ ಮಾರೇಶನನ್ನು ನಾನು ನಿನ್ನೆಯಷ್ಟೇ ಸಿರುಗುಪ್ಪದಲ್ಲಿ ನೋಡಿದ್ದೆ. ಬೆಂಕಿ ಬಿದ್ದ ಗಿರಣಿಗೆ ಅವನೇ ಸೂಪರ್‌ವೈಸರ್. ಉರಿಯುತ್ತಿದ್ದ ಡ್ರೈಯರಿನ ಬಾಯಿಂದ ಲಾಲಸಾಬನನ್ನು ಎಳೆದು ಹೊರಗೆ ತಂದವನು, ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸಿದವನು. ಲಾಲಸಾಬನ ಹೆಂಡತಿ ಇಮಾಂಬೀ ಅವನಿಗಾಗಿ ದುವಾ ಮಾಡುತ್ತಿದ್ದಳು. ನನಗೂ ಅವನು ಹಿಡಿಸಿದ್ದ. ಗೇಟಿನಿಂದ ದೇಶನೂರು ರಸ್ತೆಯವರೆಗೆ ನಿಂತಿದ್ದ ಭತ್ತದ ಲಾರಿಗಳನ್ನು ತೋರಿಸಿ, "ಎಲ್ಲಾ ಹಸಿ ಭತ್ತ ಮೇಡಂ. ಲಗೂ ಒಣಗಿಸು, ಲಗೂ ಒಣಗಿಸು ಅಂತ ದಣಿಯರದು ಒಂದಾ ಹಾಡು," ಎಂದು ನಕ್ಕಿದ್ದ. ಅವನೂ ಭಾಗ್ಯಳೂ ಒಂದೇ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಓದಿದವರು ಎಂದೂ ಹೇಳಿದ್ದ. ನಾನು ಚಹಾ ಕುಡಿಯುತ್ತ ತಲೆಯಾಡಿಸಿದ್ದೆ.

ಅವನು ಒಳಗೆ ಬಂದ. ಭುಜದ ಮೇಲೆ ಭಾಗ್ಯಳ ಲ್ಯಾಪ್‌ಟಾಪಿನ ಚೀಲ. ಬೆನ್ನು ಬಾಗಿಲಿಗೆ ಮಾಡಿ ಕೂತಿದ್ದ ಶಶಿಕಾಂತ್ ಮಾತ್ರ ಮೊದಲು ಅವನ ಕಣ್ಣಿಗೆ ಬಿದ್ದ.

"ಸಹಿ ಆತೇನೋ ಶಶಿ?"

ಆಮೇಲೆ ನನ್ನನ್ನು ಕಂಡ. ಮುಖದ ಮೇಲಿನ ನಗು ಅಲ್ಲೇ ನಿಂತಿತು.

ಶಶಿಕಾಂತ್ ತಿರುಗಲಿಲ್ಲ. ಇನ್ನು ಯಾರ ಹೆಸರನ್ನೂ ಅವನು ಹೇಳಬೇಕಾಗಿರಲಿಲ್ಲ.  ನಾನು ಬಾಯಿ ತೆರೆಯುವಷ್ಟರಲ್ಲಿ ಭಾಗ್ಯ ಸುಮ್ಮನಿರುವಂತೆ ಕೈ ಎತ್ತಿದಳು.

"ರೀ, ಬರ್ರಿ, ಕುಂದರ್ರಿ," ಎಂದಳು. ದಿನದಂತೆ ನೀರು ಬೇಕೇ ಎಂದು ಕೇಳುವ ದನಿ. "ಮೇಡಂ ಒಂದು ಮಾತು ಕೇಳಾಕತ್ಯಾರ. ನನಗ ನೆನಪಾಗವಲ್ದು. ನನಗ ದಿನ ಹೋಗ್ಯಾವ ಅಂತ ನಿಮಗ ಹೇಳಿದ್ನಲ್ಲ, ಅದರ ಹಿಂದಿನ ದಿನ, ಅಮಾಸಿ. ನಾನು ಏನು ಮಾಡಿದ್ದೆ?"

ಮಾರೇಶ ನನ್ನನ್ನು ನೋಡಿದ, ಅವಳನ್ನು ನೋಡಿದ. ಪ್ರಶ್ನೆ ಸುಲಭದ್ದೆನಿಸಿರಬೇಕು. ಹೆಗಲು ಸಡಿಲಾಯಿತು.

"ನೆನಪಿಲ್ಲೇನು? ನಾನಾ ಆಫೀಸಿಗೆ ಬಿಟ್ಟಿದ್ದೆ. ಪೂಜಿ ಆದ ಮ್ಯಾಲೆ ಡ್ರೈಯರಿಂದು ಅರ್ಜೆಂಟ್ ಕೆಲಸ ಬಂತು, ಸಂಜೀತನ ಕೋಡ್ ಬರಕೊಂತ ಕುಂತಿದ್ದೆ ಅಂತ ನೀನಾ ಹೇಳಿದ್ದಿ." ನನ್ನ ಕಡೆ ತಿರುಗಿದ. "ನೋಡ್ರಿ ಮೇಡಂ, ಪಾಪ, ಕೆಲಸದ ಗಡಿಬಿಡ್ಯಾಗ ಕೈತಪ್ಪು ಆಗೈತಿ. ಬೇಕಂತ ಮಾಡಿದ್ದಲ್ಲ."

ಭಾಗ್ಯ ಕಣ್ಣು ಮುಚ್ಚಿದಳು. ತೆರೆದಾಗ ಅದರಲ್ಲಿ ನೀರಿರಲಿಲ್ಲ.

"ಡಾಕ್ಟರ್ ಹತ್ರ ಹೋಗಿದ್ದೆ ರೀ. ಬರೋದು ತಡಾ ಆತು. ಅಮಾಸಿ ದಿನ ನಿಮಗ ಸುದ್ದಿ ಹೇಳಬಾರ್ದು ಅಂತ ಅವ್ವ ಅಂದಿದ್ಲು. ಅದಕ ಕೆಲಸ ಇತ್ತು ಅಂತ ಸುಳ್ಳು ಹೇಳಿದ್ದೆ." ಅವಳು ಒಂದೊಂದೇ ಮಾತನ್ನು ಬಿಡಿಸಿ ಇಟ್ಟಳು. "ಆ ಸುಳ್ಳು ನಾನು ಈ ಜಗತ್ತಿನಾಗ ಒಬ್ಬರಿಗೆ ಮಾತ್ರ ಹೇಳಿದ್ದು."

ಕೊಟ್ರಬಸಮ್ಮ ಮಗಳ ಪಕ್ಕಕ್ಕೆ ಸರಿದು ನಿಂತಳು.

ನಾನು ಉಳಿದದ್ದನ್ನು ಒಟ್ಟುಗೂಡಿಸಿಕೊಂಡೆ. ಮಿತಿ ಏರಿದ್ದು ಯಾವ ಕೋಡಿನಿಂದಲೂ ಅಲ್ಲ. ಲಾರಿಗಳ ಸಾಲು ಬೇಗ ಕರಗಲೆಂದು ಗಿರಣಿಯ ಪ್ಯಾನೆಲ್ಲಿನಲ್ಲಿ ಇವನೇ ಕೈಯಾರೆ ಏರಿಸಿದ್ದು. ಬೆಂಕಿ ಬಿದ್ದ ಮೇಲೆ ಅದನ್ನು ಹೊರಲು ಒಂದು ಹೆಸರು ಬೇಕಿತ್ತು. ಇವರಿಬ್ಬರ ಬಳ್ಳಾರಿಯ ಮನೆಯಲ್ಲಿ ಹೆಂಡತಿಯ ಲ್ಯಾಪ್‌ಟಾಪ್ ಇತ್ತು, ಅದರೊಳಗೆ ಅವಳ ಪಾಸ್‌ವರ್ಡ್ ಇತ್ತು. ಗಿರಣಿಗೆ ಪ್ರೋಗ್ರಾಂ ಹೋದದ್ದು ಚೌತಿಯ ವಾರ. ಅದಕ್ಕೂ ಮೊದಲು ಅವಳು ಡ್ರೈಯರಿನ ಕೆಲಸ ಮಾಡಿದ ಒಂದು ದಿನ ಬೇಕಿತ್ತು. ತಾನು ತಂದೆಯಾಗುವ ಸುದ್ದಿ ಕೇಳಿದ್ದರ ಹಿಂದಿನ ದಿನವನ್ನು ಯಾವ ಗಂಡಸು ಮರೆಯುತ್ತಾನೆ? ಅದನ್ನೇ ಆರಿಸಿದ.

ಮಾರೇಶ ಏನನ್ನೂ ಅಲ್ಲಗಳೆಯಲಿಲ್ಲ. ಚೀಲ ಇಳಿಸಿ, ಹೆಂಡತಿಯ ಎದುರಿಗೆ ಚಾಪೆಯ ಮೇಲೆ ಕೂತ. ನಾನು, ಶಶಿಕಾಂತ್, ಅತ್ತೆ ಯಾರೂ ಅಲ್ಲಿಲ್ಲವೆಂಬಂತೆ ಮಾತಾಡಿದ.

"ತಣ್ಣಗ ವಿಚಾರ ಮಾಡು ಭಾಗ್ಯ. ನಾನು ಒಳಗ ಹೋದ್ರ ಹತ್ತು ವರ್ಷ. ಬಸುರಿ ಹೆಂಗಸು, ತಿಳೀದ ಮಾಡಿದ ತಪ್ಪು ಅಂದ್ರ ಕೋರ್ಟೂ ಕರುಣಾ ತೋರಸತೈತಿ. ನಿನ್ನನ್ನ ಯಾರೂ ಜೈಲಿಗೆ ಹಾಕಂಗಿಲ್ಲ. ಅದಕ್ಕಾ ನಿನ್ನ ಹೆಸರು ಹಾಕಿದೆ. ಬ್ಯಾರೆಯವರದು ಹಾಕಬಹುದಿತ್ತು, ಹಾಕಲಿಲ್ಲ."

"ನನ್ನ ಮ್ಯಾಲಿನ ಪ್ರೀತಿಗೆ?" ಎಂದಳು ಭಾಗ್ಯ.

"ಹುಟ್ಟೋ ಕೂಸಿಗೆ ಅಪ್ಪ ಬ್ಯಾಡೇನು?"

"ಭಾಗ್ಯ, ಅವನ ಮಾತು ಕೇಳಬ್ಯಾಡ," ಎಂದೆ. "ನನ್ನ ಹತ್ರ ಏಜೆಂಟಿನ ಲೆಕ್ಕ ಐತಿ."

ಮಾರೇಶ ನನ್ನ ಕಡೆ ತಿರುಗಿದ. "ಆ ಲೆಕ್ಕದಾಗ ನನ್ನ ಹೆಸರು ಐತೇನ್ರಿ ಮೇಡಂ? ಅದು ಎಷ್ಟು ಅಂತ ಹೇಳತೈತಿ. ಯಾರು ಅಂತ ಹೇಳಂಗಿಲ್ಲ. ಈಗ ನಾನಂದದ್ದು ಬರೀ ಬಾಯಿಮಾತು, ಈಕಿ ಸಹಿ ಬಿದ್ರ ಅದು ನಿಲ್ಲಂಗಿಲ್ಲ. ಯಾರು ಅಂತ ಹೇಳಾಕ ಈಕಿ ಒಬ್ಬಾಕಿಗೇ ಆಗೋದು."

ಅವನು ಹೇಳಿದ್ದು ನಿಜವಾಗಿತ್ತು. ಕೈಯಲ್ಲಿದ್ದ ಟ್ಯಾಬ್ ನನಗೆ ಆಗ ಬರೀ ಭಾರವೆನಿಸಿತು.

ಭಾಗ್ಯ ಗಂಡನ ಮುಖ ನೋಡಿದಳು. ಶಶಿಕಾಂತ್ "ತಂಗೀ, ಬ್ಯಾಡ," ಎಂದು ಪಿಸುಗುಟ್ಟಿದ. ಅವಳಿಗೆ ಕೇಳಿಸಿತೋ ಇಲ್ಲವೋ. ನನ್ನ ಕೈಯಿಂದ ಹಾಳೆ ಎಳೆದುಕೊಂಡು, ಸುಕ್ಕು ಹೋಗುವಂತೆ ತೊಡೆಯ ಮೇಲೆ ಸವರಿ ಬೋರಲು ಹಾಕಿದಳು. ಹಿಂಬದಿ ಪೂರ್ತಿ ಖಾಲಿ ಇತ್ತು, ನಡೆದದ್ದೆಲ್ಲ ಬರೆಯುವಷ್ಟು.

ಮತ್ತೆ ಮಗುಚಿದಳು. ನೀಲಿ ಚುಕ್ಕೆ ಬಿದ್ದಿದ್ದ ಮುಂಬದಿ ಮೇಲೆ ಬಂತು.

ಯಾವ ಬದಿಯಲ್ಲಿ ಬರೆಯುತ್ತಾಳೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಭಾಗ್ಯ ಕೈ ಚಾಚಿ ಪೆನ್ನು ಎತ್ತಿಕೊಂಡಳು.